ಸೀಳಿದ ಚಕ್ರಕ್ಕೆ ವೆಲ್ಡಿಂಗ್: ಬಿಲ್ಲಿನಲ್ಲಿ ಕಾಣದ ಹೊಣೆ

ಕಳೆದ ಮಳೆಗಾಲದ ನಂತರ ನಮ್ಮ ಕಕ್ಷಿದಾರರೊಬ್ಬರು ವಕೀಲರ ನೋಟಿಸೊಂದನ್ನು ಹಿಡಿದು ಕಚೇರಿಗೆ ಬಂದರು. ಅವರದು ಇಬ್ಬರು ಕೆಲಸಗಾರರಿರುವ ಸಣ್ಣ ವೆಲ್ಡಿಂಗ್ ಶೆಡ್. ಅವರು ಬೆಸೆದುಕೊಟ್ಟಿದ್ದ ಕಾರಿನ ಅಲಾಯ್ ಚಕ್ರವು ಮೂರು ತಿಂಗಳೊಳಗೆ ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಸೀಳಿ, ಕಾರು ರಸ್ತೆ ವಿಭಜಕಕ್ಕೆ ಬಡಿದಿತ್ತು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಪಡೆದ ಮಜೂರಿ 1,800 ರೂಪಾಯಿ; ಕೇಳಲಾದ ಪರಿಹಾರ 4 ಲಕ್ಷ. ಬಿಲ್ಲಿನ ಪ್ರತಿ ಎಲ್ಲಿದೆಯೆಂದು ಕೇಳಿದೆ. "ಇಷ್ಟು ಸಣ್ಣ ಕೆಲಸಕ್ಕೆ ಬಿಲ್ಲು ಯಾಕೆ ಸಾರ್?" ಎಂದರು.

ಲೋಹಶಾಸ್ತ್ರವು ನನ್ನ ಕ್ಷೇತ್ರವಲ್ಲ. ಆದರೂ ಈ ಪ್ರಕರಣದ ನಿಮಿತ್ತ ತಿಳಿದುಕೊಂಡದ್ದನ್ನು ಹೇಳಲೇಬೇಕು. ಬಹುತೇಕ ಅಲಾಯ್ ಚಕ್ರಗಳು ಸುಮಾರು ಶೇ. 7ರಷ್ಟು ಸಿಲಿಕಾನ್ ಮತ್ತು ಅಲ್ಪ ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂನ ಎರಕಗಳು. ಎರಕ ಹೊಯ್ದ ಮೇಲೆ ಅವನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇರಿಸುತ್ತಾರೆ. ಚಕ್ರದ ಬಲ ಬರುವುದು ಈ ಹದದಿಂದ. ವೆಲ್ಡಿಂಗ್ ಜ್ವಾಲೆ ತಾಕಿದಲ್ಲಿ ಈ ಹದ ಕೆಡುತ್ತದೆ. ಬೆಸುಗೆಯೇನೋ ಗಟ್ಟಿಯಾಗಿರುತ್ತದೆ, ಅದರ ಅಂಚಿನ ಲೋಹ ಮೆತ್ತಗಾಗುತ್ತದೆ. ಇಡೀ ಚಕ್ರವನ್ನು ಮರಳಿ ಕಾಯಿಸಿ ತಣಿಸುವ ಕುಲುಮೆ ಯಾವ ಶೆಡ್ಡಿನಲ್ಲಿದೆ? ಮೇಲೆ ಬಣ್ಣ ಬಳಿದುಬಿಟ್ಟರೆ ಗ್ರಾಹಕನಿಗೆ ಏನೂ ಕಾಣದು.

ಆದುದರಿಂದ ಈ ಕೆಲಸವನ್ನೇ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಗುಂಡಿಗೆ ಬಿದ್ದು ರಿಮ್ಮಿನ ಒಳಅಂಚಿನಲ್ಲಿ ಬಂದ ಚಿಕ್ಕ ಸೀಳನ್ನು ನುರಿತ ಕೈ ಆರ್ಗಾನ್ ಬಳಸಿ ಬೆಸೆಯುವುದುಂಟು. ಅಲ್ಲಿಯೂ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ಕಡ್ಡಿಗಳು, ಬೋಲ್ಟು ರಂಧ್ರಗಳ ಸುತ್ತಲಿನ ಭಾಗ ಅಥವಾ ಹಿಂದೊಮ್ಮೆ ಬೆಸೆದ ಜಾಗ ಸೀಳಿದ್ದರೆ ಎಷ್ಟು ಹಣ ಕೊಟ್ಟರೂ ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಚಕ್ರದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ, ಹೊಸದನ್ನೇ ಕೊಳ್ಳಿರೆಂದು ಗ್ರಾಹಕನಿಗೆ ಹೇಳುವುದೂ ಮೊದಲಿಗಿಂತ ಸುಲಭ.

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದರ 85ನೆಯ ಕಲಮು, ಸರಕನ್ನು ತಯಾರಿಸಿದವನನ್ನಲ್ಲ, ದುರಸ್ತಿ ಮಾಡಿದವನನ್ನು ಕುರಿತದ್ದು. ಸೇವೆ ದೋಷಯುಕ್ತವಾಗಿದ್ದರೆ, ಅಥವಾ ಅಪಾಯವನ್ನು ತಡೆಯಲು ತಕ್ಕ ಎಚ್ಚರಿಕೆ ಕೊಡದೆ ಹೋಗಿದ್ದರೆ ಅವನು ಹೊಣೆಗಾರನಾಗುತ್ತಾನೆ. "ಕೆಲಸಕ್ಕೆ ಗ್ಯಾರಂಟಿ ಇಲ್ಲ" ಎಂದು ರಬ್ಬರ್ ಮೊಹರು ಒತ್ತಿದರೆ ಸಾಕೆಂದು ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮೊಹರು ನಿರ್ಲಕ್ಷ್ಯವನ್ನು ಮುಚ್ಚಲಾರದು. ಎಲ್‌ಎಲ್‌ಪಿ ಮಾಡಿಕೊಂಡರೆ ಮನೆಮಠ ಉಳಿಯುವುದೇ ಎಂದು ಕೆಲವರು ಕೇಳುತ್ತಾರೆ. 2008ರ ಆ ಕಾಯಿದೆಯಲ್ಲಿಯೂ ಪಾಲುದಾರನು ತಾನೇ ಎಸಗಿದ ತಪ್ಪಿಗೆ ಸ್ವತಃ ಹೊಣೆಗಾರನೇ. ಬೆಸುಗೆ ಹಾಕಿದ ಕೈ ಮಾಲೀಕನದೇ ಆಗಿದ್ದಲ್ಲಿ ಆ ರಕ್ಷಣೆ ದೊರೆಯದು.

ಹಾಗಾದರೆ 1,800 ರೂಪಾಯಿಯ ಲೆಕ್ಕ ಮೊದಲೇ ತಪ್ಪಾಗಿತ್ತು. ಅದರಲ್ಲಿ ಕಡ್ಡಿ, ಅನಿಲ, ವಿದ್ಯುತ್ತು, ಕೂಲಿ ಸೇರಿದ್ದವು. ಹೊಣೆಯ ಬೆಲೆ ಸೇರಿರಲಿಲ್ಲ. ಬೆಸೆಯುವ ಮುನ್ನ ಸೀಳಿನ ಉದ್ದವನ್ನು ಕಾಣಿಸುವ ಬಣ್ಣದ ದ್ರವದ ಪರೀಕ್ಷೆ, ಮೊದಲು ಮತ್ತು ನಂತರದ ಛಾಯಾಚಿತ್ರ, ಲಿಖಿತ ಎಚ್ಚರಿಕೆಗೆ ಗ್ರಾಹಕನ ಸಹಿ, ಹೊಣೆಗಾರಿಕೆ ವಿಮೆಯ ಕಂತು ಇವೆಲ್ಲವೂ ಮಜೂರಿಯೊಳಗೆ ಬರಬೇಕು. ನೋಂದಾಯಿತರಾದವರು ಶೇ. 18ರ ಜಿಎಸ್‌ಟಿ ಹಾಕಿ ಬಿಲ್ಲು ಕೊಡಲು ಹಿಂಜರಿಯುವುದು ತೆರಿಗೆ ಉಳಿಸಲೆಂದು. ಆದರೆ ಯಾವ ಚಕ್ರ, ಎಲ್ಲಿ ಸೀಳು, ಏನು ಎಚ್ಚರಿಕೆ ಎಂಬ ವಿವರವುಳ್ಳ ಬಿಲ್ಲು ಆಯೋಗದ ಮುಂದೆ ಅವರ ಪರವಾಗಿಯೇ ಮಾತನಾಡುತ್ತದೆ.

ನಮ್ಮ ಕಕ್ಷಿದಾರರು ಈಗ ಒಂದು ವಹಿ ಇಟ್ಟಿದ್ದಾರೆ, ದರವನ್ನು 3,000ಕ್ಕೆ ಏರಿಸಿದ್ದಾರೆ. ಹಳೆಯ ಗಿರಾಕಿಗಳಲ್ಲಿ ಕೆಲವರು ಪಕ್ಕದ ಶೆಡ್ಡಿಗೆ ಹೋದರೆಂದು ಮೊನ್ನೆ ಬೇಸರದಿಂದ ಹೇಳಿದರು. ನೋಟಿಸಿಗೆ ಉತ್ತರ ಕೊಟ್ಟಾಗಿದೆ. ದೂರು ಇನ್ನೂ ಜಿಲ್ಲಾ ಆಯೋಗದ ಮುಂದಿದೆ.