ಗ್ರೀಸ್ ಎಷ್ಟು ಹಾಕಬೇಕು ಅಂತ ನಮಗೆ ಯಾರೂ ಹೇಳಿಲ್ಲ

ಮೊದಲೇ ಹೇಳಿಬಿಡ್ತೀವಿ, ತಪ್ಪು ನಮ್ಮದು.

ಹೋದ ರಜೆಯಲ್ಲಿ ನಾವು ಮೂವರು ಮೆಕ್ಯಾನಿಕಲ್‌ನವರು ಯಶವಂತಪುರ ದಾಟಿ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಗೆ ಹದಿನೈದು ದಿನ ಇಂಟರ್ನ್‌ಶಿಪ್‌ಗೆ ಹೋಗಿದ್ವಿ. ನಾಲ್ಕನೇ ದಿನ ಬ್ಲೋವರ್‌ನ ಬೇರಿಂಗ್‌ಗೆ ಗ್ರೀಸ್ ಹೊಡೀರಿ ಅಂತ ಗ್ರೀಸ್ ಗನ್ ಕೈಗೆ ಕೊಟ್ಟರು. ಎಷ್ಟು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಂಜಿನಿಯರಿಂಗ್ ಓದೋರು ಗ್ರೀಸ್ ಎಷ್ಟು ಅಂತ ಕೇಳೋದಾ? ಒಳಗೆ ಜಾಗ ಇರೋ ತನಕ ಒತ್ತಿದ್ವಿ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅನ್ನೋದು ನಮ್ಮ ಲೆಕ್ಕ.

ಮಧ್ಯಾಹ್ನ ಊಟ ಮುಗಿಸಿ ಬರೋ ಹೊತ್ತಿಗೆ ಹೌಸಿಂಗ್ ಮೇಲೆ ಕೈ ಇಡೋಕೆ ಆಗ್ತಿರಲಿಲ್ಲ. ಸೀಲ್ ಪಕ್ಕದಿಂದ ಗ್ರೀಸ್ ಕರಗಿ ಇಳೀತಿತ್ತು. ಅಲ್ಲಿ ಕೆಲಸ ಮಾಡೋ ಹೆಲ್ಪರ್ ಅಣ್ಣ ಒಬ್ಬರು ಉದ್ದನೆ ಸ್ಕ್ರೂಡ್ರೈವರ್ ತಂದು ತುದಿಯನ್ನ ಹೌಸಿಂಗ್‌ಗೆ ಒತ್ತಿ, ಹಿಡಿಯನ್ನ ಕಿವಿಗೆ ಇಟ್ಟುಕೊಂಡು ಕೇಳಿದರು. ಓಡಿಹೋಗಿ ಸ್ವಿಚ್ ಆಫ್ ಮಾಡಿದರು. ಬಿಚ್ಚಿ ನೋಡಿದರೆ ರೋಲರ್‌ಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. ಅರ್ಧ ದಿನ ಕೆಲಸ ನಿಂತಿತು. ಮಾಲೀಕರು ಬಂದು ಬೈದಿದ್ದು ಆ ಅಣ್ಣನಿಗೆ. ಆ ದಿನದ ಓಟಿ ಕೂಡ ಹೋಯ್ತು. ನಾವು ಮೂವರೂ ಪಕ್ಕದಲ್ಲೇ ನಿಂತಿದ್ವಿ, ಒಬ್ಬರೂ ಬಾಯಿ ಬಿಡಲಿಲ್ಲ.

ಸಂಜೆ ಅವರೇ ಹೇಳಿದರು: ‘ತಮ್ಮಾ, ಗ್ರೀಸು ಅನ್ನಕ್ಕೆ ತುಪ್ಪ ಹಾಕ್ದಂಗೆ ಹಾಕ್ಬೇಕು, ಸಾರು ಹುಯ್ದಂಗಲ್ಲ.’

ಆಮೇಲೆ ಹಾಸ್ಟೆಲ್‌ಗೆ ಬಂದು ಓದಿದಾಗ ಕಂಪನಿಗಳ ಕೈಪಿಡಿಯಲ್ಲೂ ಇದೇ ಮಾತು ಇತ್ತು, ತುಪ್ಪ ಒಂದು ಇರಲಿಲ್ಲ ಅಷ್ಟೆ. ಸಾಧಾರಣ ವೇಗದಲ್ಲಿ ತಿರುಗೋ ಬೇರಿಂಗ್‌ನ ಹೌಸಿಂಗ್‌ನಲ್ಲಿ ಖಾಲಿ ಜಾಗದ ಶೇಕಡಾ 30ರಿಂದ 50ರಷ್ಟು ಮಾತ್ರ ಗ್ರೀಸ್ ಇರಬೇಕು. ಪೂರ್ತಿ ತುಂಬಿದರೆ ರೋಲರ್‌ಗಳು ಪ್ರತಿ ಸುತ್ತಿಗೂ ಆ ಗ್ರೀಸನ್ನ ಮಜ್ಜಿಗೆ ಕಡೆದ ಹಾಗೆ ಕಡೀತವೆ. ಕಡೆದಷ್ಟೂ ಶಾಖ. ಶಾಖ ಏರಿದಷ್ಟೂ ಒಳಗಿನ ಎಣ್ಣೆ ತೆಳುವಾಗಿ, ಲೋಹಕ್ಕೂ ಲೋಹಕ್ಕೂ ನಡುವೆ ಇರಬೇಕಾದ ಪದರ ಹರಿದುಹೋಗುತ್ತೆ. (ಹೊಸ ಗ್ರೀಸ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಬಿಸಿ ಏರಿ ಆಮೇಲೆ ಇಳಿಯೋದು ಸಹಜ. ನಮ್ಮದು ಇಳಿಯಲೇ ಇಲ್ಲ.)

ನಮ್ಮ ತಕರಾರು ಇಲ್ಲಿದೆ. ಸೀನಿಯರ್‌ಗಳ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ತೆಗೆದು ನೋಡಿದ್ವಿ. ಬೇರಿಂಗ್‌ನ ಆಯಸ್ಸು ಲೆಕ್ಕ ಹಾಕೋ ಸೂತ್ರ ಇದೆ. ಬಾಲ್ ಬೇರಿಂಗ್ ಮೇಲೆ ಭಾರ ಎರಡರಷ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಸುಂದರವಾದ ಸೂತ್ರ, ಹತ್ತು ಮಾರ್ಕ್ಸ್ ಗ್ಯಾರಂಟಿ. ಆದರೆ ಅದು ಬೇರಿಂಗ್ ವಯಸ್ಸಾಗಿ ದಣಿದು ಸಾಯುತ್ತೆ ಅಂದುಕೊಂಡು ಮಾಡಿದ ಲೆಕ್ಕ. ಆ ಮೂಲ ಸೂತ್ರದಲ್ಲಿ ಧೂಳಿಗೆ ಒಂದು ಅಕ್ಷರ ಇಲ್ಲ, ಸುತ್ತಿಗೆಗೆ ಇಲ್ಲ, ನಮ್ಮ ಗ್ರೀಸ್ ಗನ್‌ಗಂತೂ ಇಲ್ಲವೇ ಇಲ್ಲ.

ಸುತ್ತಿಗೆ ಅಂದಾಗ ಗೋ-ಕಾರ್ಟ್ ನೆನಪಾಯ್ತು. ನಮ್ಮ ಟೀಮ್ ಗಾಡಿಯ ಹಿಂದಿನ ಆಕ್ಸಲ್‌ಗೆ ಹೊಸ ಬೇರಿಂಗ್ ಹಾಕಿದ ವಾರದಲ್ಲೇ ಗರ್ ಗರ್ ಅಂತ ಸದ್ದು. ಎಲ್ಲರೂ ಬೇರಿಂಗ್ ಡೂಪ್ಲಿಕೇಟ್ ಅಂತ ಅಂಗಡಿಯವನನ್ನ ಬೈದ್ವಿ. ನಿಜ ಏನು ಅಂದರೆ, ಶಾಫ್ಟ್ ಮೇಲೆ ಬಿಗಿಯಾಗಿ ಕೂರಬೇಕಾದ್ದು ಒಳಗಿನ ರಿಂಗ್, ನಾವು ಸುತ್ತಿಗೆಯಲ್ಲಿ ಹೊಡೆದಿದ್ದು ಹೊರಗಿನ ರಿಂಗ್‌ಗೆ. ಏಟೆಲ್ಲ ಬಾಲ್‌ಗಳ ಮೂಲಕವೇ ದಾಟಿ, ಓಡೋ ದಾರಿಯಲ್ಲಿ ಬಾಲ್‌ಗೊಂದು ಗುಳಿ ಬಿದ್ದಿತ್ತು. ಬಿಎಂಟಿಸಿ ಬಸ್ಸು ಹಂಪ್ ಹತ್ತಿದ ಹಾಗೆ ಪ್ರತಿ ಬಾಲ್ ಆ ಗುಳಿಗೆ ಇಳಿದು ಹತ್ತುತ್ತೆ, ಅದೇ ಆ ಸದ್ದು. ಒಳಗಿನ ರಿಂಗ್‌ಗೆ ಸರಿಯಾಗಿ ಕೂರೋ ಒಂದು ಪೈಪ್ ತುಂಡು ಇಟ್ಟು ಒತ್ತಿದ್ದರೆ ಸಾಕಿತ್ತು. ಇಲ್ಲವೇ ಬೇರಿಂಗನ್ನ ಸುಮಾರು 110 ಡಿಗ್ರಿಗೆ ಬಿಸಿ ಮಾಡಿದರೆ ರಿಂಗ್ ಹಿಗ್ಗಿ ತಾನೇ ಜಾರಿ ಕೂರುತ್ತೆ. ಇಂಡಕ್ಷನ್ ಹೀಟರ್ ಬೇಕು, ಗ್ಯಾಸ್ ಬೆಂಕಿ ಹಿಡಿಯೋ ಹಾಗಿಲ್ಲ.

ಈ ಮಾತು ತೆಗೆದಾಗ ಸಿಎಸ್ ಗೆಳೆಯರು ನಗ್ತಾರೆ. ‘ಸೆನ್ಸರ್ ಹಾಕಿ, ಎಐ ನೋಡ್ಕೊಳ್ಳುತ್ತೆ.’ ಸೆನ್ಸರ್ ಬೇಡ ಅಂತ ನಾವೂ ಹೇಳಲ್ಲ. ಯಲಹಂಕದಲ್ಲೇ 1984ರಿಂದ ರೈಲು ಗಾಲಿ ಕಾರ್ಖಾನೆ ಇದೆ. ಹಳಬರ ಬಾಯಲ್ಲಿ ಇನ್ನೂ ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಅಲ್ಲಿ ಗಾಲಿ, ಆಕ್ಸಲ್, ಎರಡನ್ನೂ ಒತ್ತಿ ಕೂಡಿಸಿದ ವೀಲ್‌ಸೆಟ್ ತಯಾರಾಗುತ್ತೆ. ಅಂಥ ಆಕ್ಸಲ್‌ನ ತುದಿಗೆ ಕೂರೋ ರೋಲರ್ ಬೇರಿಂಗ್ ಕಾದುಹೋದರೆ ರೈಲ್ವೆಯವರು ಅದಕ್ಕೆ ಹಾಟ್ ಆಕ್ಸಲ್ ಅಂತಾರೆ. ಮಿತಿ ಮೀರಿದರೆ ಆಕ್ಸಲ್ ತುಂಡಾಗಿ ಬೋಗಿ ಹಳಿ ತಪ್ಪುತ್ತೆ.

2023ರ ಫೆಬ್ರವರಿ 3ರಂದು ಅಮೆರಿಕದ ಓಹಾಯೋದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಆಗಿದ್ದು ಇದೇ. ಹಳಿ ಪಕ್ಕದ ಸೆನ್ಸರ್‌ಗಳು ಆ ಬೇರಿಂಗ್‌ನ ಶಾಖವನ್ನ ಓದಿದ್ದವು. ಮೊದಲನೇದರಲ್ಲಿ ಹೊರಗಿನ ಹವೆಗಿಂತ 21 ಡಿಗ್ರಿ ಸೆಲ್ಸಿಯಸ್ ಜಾಸ್ತಿ, ಎರಡನೇದರಲ್ಲಿ 57. ಕಂಪನಿ ಇಟ್ಟುಕೊಂಡ ಮಿತಿ ಅದಕ್ಕಿಂತ ಮೇಲಿದ್ದರಿಂದ ರೈಲು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಮುಂದಿನ ಸೆನ್ಸರ್ ಸುಮಾರು 32 ಕಿಲೋಮೀಟರ್ ದೂರ, ಅಲ್ಲಿಗೆ ಬಂದಾಗ 141. ಅಷ್ಟರಲ್ಲಿ ಕಾಲ ಮಿಂಚಿತ್ತು. 38 ಬೋಗಿ ಹಳಿ ತಪ್ಪಿ, ವಿಷದ ಹೊಗೆಗೆ ಹೆದರಿ ಜನ ಮನೆ ಬಿಟ್ಟರು. 57 ಅನ್ನೋ ಅಂಕಿ ದೊಡ್ಡದಲ್ಲ, ಆದರೆ 21 ಇದ್ದದ್ದು 57 ಆಗಿತ್ತಲ್ಲ! ನಮ್ಮ ಹೆಲ್ಪರ್ ಅಣ್ಣನ ಕೈಗೆ ಆ ಏರಿಕೆ ಗೊತ್ತಾಗುತ್ತೆ, ಯಾಕಂದರೆ ಅವರು ದಿನಾ ಮುಟ್ಟಿ ನೋಡ್ತಾರೆ.

ಅದಕ್ಕೇ ಡಿಪಾರ್ಟ್‌ಮೆಂಟ್‌ಗೆ ನಮ್ಮ ಬೇಡಿಕೆ: ಸೆಮಿಸ್ಟರ್‌ಗೆ ಎರಡು ಲ್ಯಾಬ್ ಕ್ಲಾಸ್ ಇದಕ್ಕೆ ಕೊಡಿ. ಒಂದು ಒಳ್ಳೇ ಬೇರಿಂಗ್, ಒಂದು ಗುಳಿ ಬಿದ್ದದ್ದು, ಒಂದು ಗ್ರೀಸ್ ತುಂಬಿ ತುಳುಕೋದು, ಮೂರನ್ನೂ ಓಡಿಸಿ ಕೇಳಿಸಿ. ನಮ್ಮ ಕೈಯಿಂದ ಬಿಚ್ಚಿಸಿ, ಕೂರಿಸಿ, ಕೆಡಿಸೋಕೂ ಬಿಡಿ. ಕಲಿಸೋಕೆ ಪೀಣ್ಯದ ಮೆಂಟೆನೆನ್ಸ್‌ನವರನ್ನ ಕರೆಸಿ. ಗೆಸ್ಟ್ ಲೆಕ್ಚರ್‌ಗೆ ಬರೋ ಸಾಹೇಬರಿಗೆ ಕೊಡೋ ಅಷ್ಟೇ ಗೌರವಧನ ಅವರಿಗೂ ಕೊಡಿ. ಸರ್ಟಿಫಿಕೇಟ್ ಇಲ್ಲ ಅಂತ ಆಫೀಸಿನಲ್ಲಿ ತಡೀತಾರೆ, ಗೊತ್ತು. ತಡೆದರೆ ನಾವೇ ಹತ್ತು ಹತ್ತು ರೂಪಾಯಿ ಹಾಕ್ತೀವಿ.

ಆ ನೀಲಿ ಬೇರಿಂಗನ್ನ ಕೇಳಿ ತಂದು ಹಾಸ್ಟೆಲ್ ಟೇಬಲ್ ಮೇಲೆ ಇಟ್ಟಿದ್ದೀವಿ. ಬಂದು ತಿರುಗಿಸಿ ನೋಡಿ. ಮಾಲೀಕರಿಗೆ ನಿಜ ಹೇಳೋದು ಮಾತ್ರ ಇನ್ನೂ ಬಾಕಿ ಇದೆ. ಇಂಟರ್ನಲ್ಸ್ ಮುಗಿದ ಶನಿವಾರ ಮೂವರೂ ಹೋಗ್ತೀವಿ. ಅಷ್ಟರೊಳಗೆ ಅಣ್ಣನ ಒಂದು ದಿನದ ಓಟಿ ಎಷ್ಟಾಗುತ್ತೆ ಅಂತ ವಿಚಾರಿಸಬೇಕು.