ಹಲ್ಲು ಎಣಿಸಿ ಎತ್ತು ಕೊಳ್ಳುವವರು

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಫುಟ್‌ಬಾಲ್ ಅಲ್ಲ. ಕಾಲಲ್ಲಿ ಒದೆಯೋ ಆಟಕ್ಕೆ ಇಲ್ಲಿನವರು ಸಾಕರ್ ಅಂತಾರೆ. ತಲೆಗೆ ಹೆಲ್ಮೆಟ್ಟು ಹಾಕ್ಕೊಂಡು, ಚೆಂಡನ್ನ ಕಂಕುಳಲ್ಲಿ ಅವಚಿಕೊಂಡು, ಎದುರಿಗೆ ಬಂದವನನ್ನ ಕೆಡವಿಕೊಂಡು ಓಡೋ ಆಟಕ್ಕೆ ಫುಟ್‌ಬಾಲ್ ಅಂತಾರೆ. ಯಾಕೆ ಅಂತ ನನ್ನ ಕೇಳಬೇಡಿ. ಅಮೆರಿಕಕ್ಕೆ ಬಂದು 3 ವರ್ಷ ಆಯ್ತು, ಮೊದಲ ವರ್ಷ ತಲೆಬುಡ ಅರ್ಥ ಆಗಿರಲಿಲ್ಲ. ಈಗ ಅದೇ ಆಟದ ಬಗ್ಗೆ ಬ್ಲಾಗಿನಲ್ಲಿ ಕೂತು ಜಗಳ ಆಡೋಕೆ ಹೊರಟಿದೀನಿ. ಕಾಲ ಬದಲಾಯ್ತು :-)

ಜಗಳ ಆಟದ ಮೇಲಲ್ಲ. ಆಟಗಾರರನ್ನ ಆರಿಸೋ ರೀತಿ ಮೇಲೆ.

ವಿಷಯ ಇಷ್ಟು. ಪ್ರತಿ ವರ್ಷ ಏಪ್ರಿಲ್‌ನಲ್ಲಿ 3 ದಿನ ಎನ್‌ಎಫ್‌ಎಲ್ ಡ್ರಾಫ್ಟ್ ನಡೆಯುತ್ತೆ. 32 ತಂಡ, 7 ಸುತ್ತು. ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಮೊದಲ ಸರದಿ. ಐಪಿಎಲ್ ಹರಾಜು ಅಂದ್ಕೊಳ್ಳಿ, ಆದ್ರೆ ಇಲ್ಲಿ ದುಡ್ಡು ಕೂಗೋದಿಲ್ಲ. ಯಾರು ನಿನ್ನ ಹೆಸರು ಕರೀತಾರೋ ಅವರ ಊರಿಗೆ ಗಂಟುಮೂಟೆ ಕಟ್ಕೊಂಡು ಹೋಗ್ತಾ ಇರಬೇಕು.

ಅದಕ್ಕೂ ಮುಂಚೆ, ಫೆಬ್ರವರಿ ಕೊನೆಗೆ ಕಂಬೈನ್ ಅಂತ ಒಂದಿದೆ. 1987ರಿಂದ ಇಂಡಿಯಾನಾಪೊಲಿಸ್ ಊರಲ್ಲೇ ನಡ್ಕೊಂಡು ಬಂದಿದೆ. 300ಕ್ಕೂ ಹೆಚ್ಚು ಹುಡುಗರನ್ನ ಕರೆಸ್ತಾರೆ. ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ, ತೂಕ, ತೋಳಿನ ಉದ್ದ ಅಳೀತಾರೆ. 40 ಗಜ ಓಡಿಸಿ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಲೆಕ್ಕ ಹಾಕ್ತಾರೆ. ನಿಂತಲ್ಲಿಂದ ಜಿಗಿಸ್ತಾರೆ. 102 ಕೆಜಿ ಭಾರ ಎಷ್ಟು ಸಲ ಎತ್ತಿದ ಅಂತ ಎಣಿಸ್ತಾರೆ. ಹೆಬ್ಬೆರಳಿಂದ ಕಿರುಬೆರಳವರೆಗೆ ಅಂಗೈ ಅಗಲಿಸಿ ಅದನ್ನೂ ಅಳೀತಾರೆ! 2022ರಲ್ಲಿ ಕೆನ್ನಿ ಪಿಕೆಟ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ ಗೇಣು ಎಂಟೂವರೆ ಇಂಚು ಅಂತ ಟಿವಿಯಲ್ಲಿ ದೊಡ್ಡ ದೊಡ್ಡವರು ಕೂತು ಚರ್ಚೆ ಮಾಡಿದ್ರು. (ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆಯೋನು, ಇಡೀ ತಂಡ ನಡೆಸೋನು.) ಮದುವೆ ಗಂಡಿಗೂ ಇಷ್ಟು ಪರೀಕ್ಷೆ ಇರಲ್ಲ.

ನಂಗೆ ಇದನ್ನ ನೋಡಿದಾಗೆಲ್ಲ ನಮ್ಮ ತಾತ ನೆನಪಾಗ್ತಾರೆ. ನಾನು ಪ್ರೈಮರಿ ಸ್ಕೂಲಲ್ಲಿ ಇದ್ದಾಗ ಸಿದ್ಧಗಂಗೆಯ ದನಗಳ ಜಾತ್ರೆಗೆ ಕರ್ಕೊಂಡು ಹೋಗಿದ್ರು. ಅಲ್ಲಿ ದಲ್ಲಾಳಿಗಳು ಎತ್ತಿನ ಬಾಯಿ ಅಗಲಿಸಿ ಹಲ್ಲು ತೋರಿಸ್ತಿದ್ರು, ಸುಳಿ ತೋರಿಸ್ತಿದ್ರು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಹೇಳ್ತಿದ್ರು. ತಾತ ಎಲ್ಲ ನೋಡಿದ್ರು, ತಲೆ ಆಡಿಸಿದ್ರು. ಆಮೇಲೆ ಅಂದದ್ದು ಒಂದೇ ಮಾತು: "ನೊಗ ಕಟ್ಟಿ ಒಂದು ಸುತ್ತು ಹೊಡೀರಪ್ಪ, ನೋಡಾಣ." ಹಲ್ಲು ವಯಸ್ಸು ಹೇಳುತ್ತೆ, ಗೇಯ್ಮೆ ಹೇಳಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಅವರು ಓದಿದ್ದು 4ನೇ ಕ್ಲಾಸು.

ಈಗ ಕೋಟಿಗಟ್ಟಲೆ ಡಾಲರ್ ಸುರಿದು ಹಲ್ಲು ಎಣಿಸೋರ ಕಥೆ ಕೇಳಿ.

2017ರ ಕಂಬೈನ್‌ನಲ್ಲಿ ಜಾನ್ ರಾಸ್ ಅನ್ನೋ ಹುಡುಗ 40 ಗಜವನ್ನ 4.22 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ. ಸಿನ್ಸಿನಾಟಿ ತಂಡ ಅವನನ್ನ 9ನೆಯವನಾಗಿ ಎತ್ಕೊಳ್ತು. ಗಾಯದ ಕಾಟವೂ ಇತ್ತು, ನಿಜ. ಮೊದಲ ವರ್ಷ ಒಂದು ಕ್ಯಾಚೂ ಹಿಡೀಲಿಲ್ಲ, ಮುಂದೆಯೂ ಹೇಳಿಕೊಳ್ಳೋ ಹಾಗೆ ಏನೂ ಆಗಲಿಲ್ಲ. ಅದೇ ಕಂಬೈನ್‌ನಲ್ಲಿ ಕೂಪರ್ ಕಪ್ 4.62 ಓಡಿದ್ದ. ಇಬ್ಬರದೂ ಚೆಂಡು ಹಿಡಿಯೋ ಕೆಲಸವೇ. ನಿಧಾನ ಅಂತ ಎಲ್ಲರೂ ಪಕ್ಕಕ್ಕಿಟ್ಟು ಕೊನೆಗೆ 69ನೆಯವನಾಗಿ ಕರೆದ್ರು. 2021ರಲ್ಲಿ ಕ್ಯಾಚು, ಗಜ, ಟಚ್‌ಡೌನ್ ಮೂರರಲ್ಲೂ ಇಡೀ ಲೀಗಿಗೆ ಅವನೇ ಮೊದಲು. ಆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಅವನೇ.

ಒಂದೇ ಉದಾಹರಣೆ ಅಂತೀರಾ? 2018ರಲ್ಲಿ ಓರ್ಲ್ಯಾಂಡೋ ಬ್ರೌನ್ ಜೂನಿಯರ್ ಬಂದ. ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳೋಕೆ ಬರೋರನ್ನ ತಡೆಯೋದು ಅವನ ಕೆಲಸ. 40 ಗಜಕ್ಕೆ 5.85 ಸೆಕೆಂಡು, ಭಾರ ಎತ್ತಿದ್ದು 14 ಸಲ. ಜನ ನಕ್ಕರು. ಮೊದಲ ಸುತ್ತಿಗೆ ಹೋಗ್ತಾನೆ ಅಂದುಕೊಂಡಿದ್ದವನು 83ಕ್ಕೆ ಜಾರಿದ. ಮುಂದೆ ಅವನು ಲೀಗಿನ ಆಯ್ದ ಆಟಗಾರರ ಪ್ರೋ ಬೌಲ್‌ಗೆ 4 ಸಲ ಆಯ್ಕೆಯಾದ. ಅಲ್ಲಾ ಸ್ವಾಮಿ, 150 ಕೆಜಿ ಮೇಲಿನ ಮನುಷ್ಯ, ನಿಂತ ಜಾಗದಲ್ಲಿ ಗೋಡೆ ಥರ ನಿಲ್ಲೋದೇ ಅವನ ಕಸುಬು. ಅವನು ಪಂದ್ಯದಲ್ಲಿ ಯಾವಾಗ 40 ಗಜ ನೇರ ಓಡ್ತಾನೆ? ಬಸ್ ಹಿಡಿಯೋಕಾ?

ಇನ್ನು ಟಾಮ್ ಬ್ರೇಡಿ ಕಥೆ ನಿಮಗೂ ಗೊತ್ತಿರಬಹುದು. 2000ದಲ್ಲಿ 6ನೇ ಸುತ್ತು, 199ನೇ ಆಯ್ಕೆ, 7 ಸೂಪರ್ ಬೌಲ್. ಅದನ್ನ ಎಲ್ಲರೂ ಅಪವಾದ ಅಂತ ತಳ್ಳಿಹಾಕ್ತಾರೆ. ಸರಿ, 2022ರ ಡ್ರಾಫ್ಟಿನ ಕಟ್ಟಕಡೆಯ ಆಯ್ಕೆ, 262ನೆಯವನು ಬ್ರಾಕ್ ಪರ್ಡಿ. ಕಡೆಯವನಿಗೆ "ಮಿಸ್ಟರ್ ಇರ್ರೆಲೆವೆಂಟ್" ಅಂತ ಹೆಸರಿಟ್ಟು ತಮಾಷೆ ಮಾಡೋದು ಇಲ್ಲಿನ ಪದ್ಧತಿ. ಲೆಕ್ಕಕ್ಕಿಲ್ಲದ ಆ ಮಹಾಶಯ 2024ರ ಫೆಬ್ರವರಿಯಲ್ಲಿ ತನ್ನ ತಂಡವನ್ನ ಸೂಪರ್ ಬೌಲ್ ಫೈನಲ್‌ಗೆ ಕರ್ಕೊಂಡು ಬಂದಿದ್ದ.

ದೇಹ ಅಳೆದದ್ದು ಸಾಲದು ಅಂತ ಬುದ್ಧೀನೂ ಅಳೆದ್ರು. ವಂಡರ್ಲಿಕ್ ಅಂತ ಒಂದು ಪರೀಕ್ಷೆ, 12 ನಿಮಿಷಕ್ಕೆ 50 ಪ್ರಶ್ನೆ. ನಮ್ಮ ಕ್ಯಾಂಪಸ್ ಇಂಟರ್‌ವ್ಯೂನ ಆಪ್ಟಿಟ್ಯೂಡ್ ಟೆಸ್ಟ್ ಇದ್ದ ಹಾಗೇ. ಅಂಕ ಗುಟ್ಟಾಗಿರಬೇಕು, ಆದ್ರೆ ಪ್ರತಿ ವರ್ಷ ಯಾರದ್ದೋ ಅಂಕ ಸೋರಿ ಪೇಪರಿಗೆ ಬರ್ತಿತ್ತು, ಆ ಹುಡುಗ ದೇಶದ ಮುಂದೆ ದಡ್ಡ ಅನ್ನಿಸ್ಕೊಳ್ತಿದ್ದ. ದಶಕಗಳ ಮೇಲೆ 2022ರಲ್ಲಿ ಕಂಬೈನ್‌ನವರು ಇದನ್ನ ಕೈಬಿಟ್ರು. ಬುದ್ಧಿ ಬಂತಾ? ಇಲ್ಲ. ಮಾರನೇ ವರ್ಷವೇ ಎಸ್2 ಅನ್ನೋ ಇನ್ನೊಂದು ಪರೀಕ್ಷೆಯ ಅಂಕ ಸೋರಿತು. ಸಿ.ಜೆ. ಸ್ಟ್ರೌಡ್‌ಗೆ ತೀರಾ ಕಮ್ಮಿ, ಬ್ರೈಸ್ ಯಂಗ್‌ಗೆ ಭಾರೀ ಜಾಸ್ತಿ ಅಂತ ಸುದ್ದಿಯಾಯ್ತು. ಕ್ಯಾರೊಲೈನಾ ತಂಡ ಯಂಗ್‌ನನ್ನ ಮೊದಲನೆಯವನಾಗಿ ತಗೊಳ್ತು. ಎರಡನೆಯವನಾಗಿ ಹೋದ ಸ್ಟ್ರೌಡ್ ಆ ವರ್ಷದ ಹೊಸಬರಲ್ಲಿ ಶ್ರೇಷ್ಠ ಆಕ್ರಮಣಕಾರಿ ಆಟಗಾರ ಅನ್ನಿಸ್ಕೊಂಡ. ಯಂಗ್‌ನನ್ನ 2024ರಲ್ಲಿ ಎರಡೇ ಪಂದ್ಯ ಆದ ಮೇಲೆ ಬೆಂಚಿಗೆ ಕೂರಿಸಿದ್ರು.

ಇವೆಲ್ಲ ನಗೋ ವಿಷಯ. ನಗು ಬಾರದ ವಿಷಯವೂ ಇದೆ.

2010ರಲ್ಲಿ ಡೆಜ್ ಬ್ರಯಂಟ್ ಅನ್ನೋ ಹುಡುಗನಿಗೆ ಮಯಾಮಿ ತಂಡದ ಜನರಲ್ ಮ್ಯಾನೇಜರ್ ಸಂದರ್ಶನದಲ್ಲಿ, ನಿನ್ನ ತಾಯಿ ಸೂಳೆಗಾರಿಕೆ ಮಾಡ್ತಿದ್ಲಾ ಅಂತ ಕೇಳಿದ. ಸುದ್ದಿ ಹೊರಗೆ ಬಂದ ಮೇಲೆ ಕ್ಷಮೆ ಕೇಳಿದ. ಆ ಹುಡುಗನ ಸ್ಥಾನದಲ್ಲಿ ಒಂದು ಕ್ಷಣ ಕೂತು ನೋಡಿ. ಎದ್ದು ಕೆನ್ನೆಗೆ ಬಾರಿಸಿದ್ರೆ "ಸ್ವಭಾವ ಸರಿ ಇಲ್ಲ" ಅಂತ ಬರ್ಕೊಳ್ತಾರೆ. ಸುಮ್ಮನಿದ್ರೆ ಒಳಗೆ ಸಾಯಬೇಕು. ಇಂಥ ಪ್ರಶ್ನೆ ಕೇಳಿದ ತಂಡಕ್ಕೆ ದಂಡ ಹಾಕ್ತೀವಿ, ಡ್ರಾಫ್ಟಿನ ಆಯ್ಕೆಯನ್ನೂ ಕಿತ್ಕೊಳ್ತೀವಿ ಅಂತ ಲೀಗ್ ಎಚ್ಚರಿಕೆ ಕೊಡೋಕೆ 2022 ಬರಬೇಕಾಯ್ತು.

ಕಪ್ಪು ಹುಡುಗರ ಮಾತು ಬಂದಾಗ ಈ ಅಳತೆಗೋಲು ಇನ್ನೂ ವಿಚಿತ್ರವಾಗಿ ಬಾಗುತ್ತೆ. ವಾರೆನ್ ಮೂನ್‌ನನ್ನ 1978ರಲ್ಲಿ ಒಂದು ತಂಡವೂ ಕರೀಲಿಲ್ಲ. ಆಗ ಕಪ್ಪು ಹುಡುಗ ಅಂದ್ರೆ ಓಡೋಕೆ ಸರಿ, ತಂಡ ನಡೆಸೋಕೆ ಸರಿ ಇಲ್ಲ ಅನ್ನೋ ನಂಬಿಕೆ. ಆತ ಕೆನಡಾಕ್ಕೆ ಹೋಗಿ 5 ಸಲ ಗ್ರೇ ಕಪ್ ಗೆದ್ದು, ವಾಪಸ್ ಬಂದು ಎನ್‌ಎಫ್‌ಎಲ್‌ನಲ್ಲೂ ಆಡಿ, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಹಳೇ ಕಥೆ ಅಂತೀರಾ? 2018ರಲ್ಲಿ ಲಮಾರ್ ಜಾಕ್ಸನ್‌ಗೆ, ನೀನು ಕ್ವಾರ್ಟರ್‌ಬ್ಯಾಕ್ ಬಿಟ್ಟು ಚೆಂಡು ಹಿಡಿಯೋ ಜಾಗಕ್ಕೆ ಹೋಗು ಅಂತ ದೊಡ್ಡ ಅನುಭವಸ್ಥರೇ ಸಲಹೆ ಕೊಟ್ರು. ಆ ವರ್ಷ ಅವನಿಗಿಂತ ಮುಂಚೆ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಹೋದ್ರು, ಅವನು 32ನೆಯವನು. 2019ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ. 2023ರಲ್ಲಿ ಮತ್ತೆ.

ನಮ್ಮ ಆಫೀಸಿನಲ್ಲಿ ಒಬ್ಬ ಗೆಳೆಯ ಇದಾನೆ, ಡ್ರಾಫ್ಟ್ ಹುಚ್ಚ. ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳಿದ್ರೆ, "ನೀನು ಡೇಟಾ ಜತೆ ಕೆಲಸ ಮಾಡೋನು, ಬಿಡಿ ಬಿಡಿ ಕಥೆ ಹೇಳ್ತೀಯಲ್ಲ! ಒಟ್ಟಾರೆ ನೋಡಿದ್ರೆ ಮೊದಲ ಸುತ್ತಿನವರೇ ಚೆನ್ನಾಗಿ ಆಡ್ತಾರೆ ತಾನೆ?" ಅಂದ. ನ್ಯಾಯವಾದ ಪ್ರಶ್ನೆ. ಹೌದು, ಸರಾಸರಿಯಲ್ಲಿ ಮೊದಲ ಸುತ್ತಿನವರು 6ನೇ ಸುತ್ತಿನವರಿಗಿಂತ ಚೆನ್ನಾಗೇ ಆಡ್ತಾರೆ. ಕಂಬೈನ್‌ನಲ್ಲಿ ಮಾಡೋ ವೈದ್ಯಕೀಯ ತಪಾಸಣೆ ಬೇಕೇ ಬೇಕು. ತೀರಾ ನಿಧಾನ ಇರೋನು ಕೆಲವು ಜಾಗದಲ್ಲಿ ಆಡೋಕಾಗಲ್ಲ. ಒಪ್ಪಿದೆ. ನನ್ನ ತಾತನೂ ಹಲ್ಲು ನೋಡದೆ ಬಿಡ್ತಿರಲಿಲ್ಲ.

ಆದ್ರೆ ಡೇಟಾ ಬೇಕು ಅಂದ್ಯಲ್ಲಪ್ಪ, ತಗೋ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಅನ್ನೋ ಇಬ್ಬರು ಈ ಡ್ರಾಫ್ಟ್ ಮೇಲೇ ಅಧ್ಯಯನ ಮಾಡಿದಾರೆ, 2013ರಲ್ಲಿ ಪ್ರಕಟ ಆಯ್ತು. (ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.) ಒಂದೇ ಜಾಗಕ್ಕೆ ಆಡೋ ಇಬ್ಬರನ್ನ ತಗೊಳ್ಳಿ, ಒಬ್ಬ ಮೊದಲು ಆಯ್ಕೆಯಾದೋನು, ಇನ್ನೊಬ್ಬ ಅವನ ಹಿಂದೆಯೇ ಆಯ್ಕೆಯಾದೋನು. ಮೊದಲು ಹೋದವನೇ ಮುಂದೆ ಹೆಚ್ಚು ಚೆನ್ನಾಗಿ ಆಡೋ ಸಾಧ್ಯತೆ ಎಷ್ಟು? ಸುಮಾರು 52%. ನಾಣ್ಯ ಚಿಮ್ಮಿದ್ರೆ 50%. ಅಂದ್ರೆ ಪಕ್ಕಪಕ್ಕ ಇರೋ ಇಬ್ಬರಲ್ಲಿ ಯಾರು ಮೇಲು ಅಂತ ಹೇಳೋಕೆ ಈ ಇಡೀ ಸಂತೆ, ಸ್ಟಾಪ್‌ವಾಚು, ಗೇಣು ಪಟ್ಟಿ ಎಲ್ಲ ಸೇರಿ ಕೊಡೋ ಲಾಭ 2%!

ಇಷ್ಟು ಗೊತ್ತಿದ್ದೂ "ಇವನೇ ಬೇಕು" ಅಂತ ತಂಡಗಳು ಮನೆ ಮಾರ್ಕೊಳ್ತವೆ. ಆ ಯಂಗ್‌ಗೋಸ್ಕರ ಕ್ಯಾರೊಲೈನಾ ಚಿಕಾಗೋಗೆ ಕೊಟ್ಟದ್ದು 4 ಆಯ್ಕೆ ಮತ್ತು ಡಿ.ಜೆ. ಮೂರ್ ಅನ್ನೋ ಒಳ್ಳೇ ಆಟಗಾರ. ಹಾಗೆ ಕೊಟ್ಟದ್ದರಲ್ಲಿ ಒಂದು, 2024ರ ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆಯೇ ಆಗಿಹೋಯ್ತು. ಅದೇ ಚಿಕಾಗೋ 2017ರಲ್ಲಿ 3 ಆಯ್ಕೆ ಹೆಚ್ಚಿಗೆ ಕೊಟ್ಟು, ಒಂದೇ ಒಂದು ಸ್ಥಾನ ಮೇಲೇರಿ, ಮಿಚೆಲ್ ಟ್ರುಬಿಸ್ಕಿಯನ್ನ ತಗೊಂಡಿತ್ತು. ಆಗ 10ನೆಯವನಾಗಿ ಹೋದೋನು ಪ್ಯಾಟ್ರಿಕ್ ಮಹೋಮ್ಸ್. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ಕೊಂಡು ನಾಲ್ಕು ಜನರನ್ನ ತಂದು ಆಡಿಸಿ ನೋಡೋದು ಜಾಣತನ. ಆದ್ರೆ ಸೆಕೆಂಡಿನ ನೂರನೇ ಭಾಗ ಕೈಯಲ್ಲಿದ್ರೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಲಿಗೆ ಏಳಲ್ಲ. ಅಂಕಿ ಮಾಡೋ ಮೋಸ ಇದೇ.

ನನ್ನ ನಿಜವಾದ ಸಿಟ್ಟು ಇರೋದು ಮುಂದಿನದ್ದಕ್ಕೆ. ಲೆಕ್ಕ ತಪ್ಪಿದಾಗ ಯಾರಿಗೆ ಹೆಸರು ಕೆಡುತ್ತೆ? ಇಲ್ಲಿ "ಬಸ್ಟ್" ಅಂತ ಒಂದು ಪದ ಇದೆ, ಠುಸ್ ಪಟಾಕಿ ಅಂತಿಟ್ಕೊಳ್ಳಿ. ಅದು ಅಳೆದವನ ಹಣೆ ಮೇಲೆ ಬೀಳಲ್ಲ, ಅಳೆಸಿಕೊಂಡ ಹುಡುಗನ ಹಣೆ ಮೇಲೆ ಬೀಳುತ್ತೆ. 2005ರ ಮೊದಲ ಆಯ್ಕೆ ಅಲೆಕ್ಸ್ ಸ್ಮಿತ್. ಮೊದಲ 5 ವರ್ಷದಲ್ಲಿ ಅವನಿಗೆ ಆಟದ ಯೋಜನೆ ಮಾಡಿಕೊಡೋ ಕೋಚ್‌ಗಳು 5 ಜನ ಬದಲಾದ್ರು, ಪ್ರತಿ ವರ್ಷ ಹೊಸ ಪಾಠ. ಬೈಸಿಕೊಂಡೋನು ಮಾತ್ರ ಅವನೇ. ಅದೇ ಡ್ರಾಫ್ಟಿನಲ್ಲಿ 24ಕ್ಕೆ ಜಾರಿದ ಆರನ್ ರಾಜರ್ಸ್‌ಗೆ 3 ವರ್ಷ ಹಿರಿಯನ ಹಿಂದೆ ನಿಂತು ಕಲಿಯೋ ಪುಣ್ಯ ಸಿಕ್ತು. 2018ರ ಮೂರನೇ ಆಯ್ಕೆ ಸ್ಯಾಮ್ ಡಾರ್ನಾಲ್ಡ್ ಕೂಡ ವರ್ಷಗಟ್ಟಲೆ ಠುಸ್ ಪಟಾಕಿಯೇ. 2024ರಲ್ಲಿ ಮಿನೆಸೋಟ ಅವನನ್ನ ಸರಿಯಾಗಿ ಆಡಿಸ್ತು, 14 ಪಂದ್ಯ ಗೆದ್ರು. ಎತ್ತು ಅದೇ. ಬದಲಾಗಿದ್ದು ನೊಗ ಮತ್ತು ಹೊಲ.

ಇಷ್ಟು ಯಾಕೆ ಉರ್ಕೋತೀಯ, ನಿಂಗೇನು ಸಂಬಂಧ ಅಂತೀರಾ?

ಸಂಬಂಧ ಇದೆ. ಪಿಯುಸಿಯಲ್ಲಿ ನನ್ನ ಅಂಕ 58%. ಆ ವರ್ಷ ಮನೆಯಲ್ಲಿ ಏನೇನೋ ಆಗಿತ್ತು, ಬಿಡಿ. ಇಂಜಿನಿಯರಿಂಗಿನ ಕಡೇ ವರ್ಷ ಕ್ಯಾಂಪಸ್‌ಗೆ ಬಂದ ಒಂದು ಕಂಪನಿ, 10ನೇ ಕ್ಲಾಸಿಂದ ಬಿಇವರೆಗೆ ಎಲ್ಲದರಲ್ಲೂ 60% ಇರಲೇಬೇಕು ಅಂತು. ಬಿಇಯಲ್ಲಿ ನನಗೆ 76 ಇತ್ತು. ಪ್ರಾಜೆಕ್ಟ್ ನೋಡಿ ಅಂದೆ, ಕೋಡ್ ನೋಡಿ ಅಂದೆ. ಬಾಗಿಲಲ್ಲಿ ಪಟ್ಟಿ ಹಿಡ್ಕೊಂಡು ನಿಂತಿದ್ದವರು ಹೆಸರು ಹುಡುಕಿ, ಇಲ್ಲಪ್ಪ ಅಂದ್ರು. ಅವತ್ತು ಹಾಸ್ಟೆಲ್ಲಿಗೆ ನಡ್ಕೊಂಡು ಹೋಗಿದ್ದು ಈಗಲೂ ನೆನಪಿದೆ.

ಇದನ್ನ ಹೇಳಿ ಹೀರೋ ಆಗೋ ಆಸೆ ಇಲ್ಲ. ಯಾಕಂದ್ರೆ ಹೋದ ತಿಂಗಳು ನಾನೇ ಇಂಟರ್‌ವ್ಯೂ ತಗೊಳ್ಳೋ ಕಡೆ ಕೂತಿದ್ದೆ. ಎದುರಿಗೆ ಬಂದ ಹುಡುಗ ನಾನು ಕೊಟ್ಟ ಒಗಟಿನ ಥರದ ಪ್ರಶ್ನೆಗೆ 20 ನಿಮಿಷ ತಡವರಿಸಿದ. ಅವನು ಬರೆದ ಪ್ರೋಗ್ರಾಮಿನ ಲಿಂಕು ರೆಸ್ಯೂಮೆಯಲ್ಲೇ ಇತ್ತು. ನಾನು ತೆರೆದು ನೋಡಲಿಲ್ಲ. "ನಿಧಾನ" ಅಂತ ಬರೆದು ಬೇಡ ಅಂದೆ. ರಾತ್ರಿ ಮನೆಗೆ ಬಂದು, ಯಾಕೋ ತಡೀದೆ, ಲಿಂಕು ತೆರೆದೆ. ನಾನು ಬರೆಯೋದಕ್ಕಿಂತ ಅಚ್ಚುಕಟ್ಟಾಗಿತ್ತು. ಮಾರನೇ ದಿನ ಮ್ಯಾನೇಜರ್ ಹತ್ರ ಹೋಗಿ, ನನ್ನದು ತಪ್ಪಾಯ್ತು, ಇನ್ನೊಮ್ಮೆ ಕರೀರಿ ಅಂದೆ. ಆ ಜಾಗಕ್ಕೆ ಆಗಲೇ ಬೇರೆಯವರನ್ನ ಆರಿಸಿಯಾಗಿತ್ತು.

40 ಗಜ ಓಡಿಸಿದೋನು ನಾನೇ. ಸ್ಟಾಪ್‌ವಾಚೂ ನನ್ನ ಕೈಯಲ್ಲೇ ಇತ್ತು.

ಅದಕ್ಕೇ, ಬ್ಲಾಗ್ ಬರೆಯೋ ಗೆಳೆಯರೇ, ನಿಮ್ಮಲ್ಲಿ ಅರ್ಧ ಜನ ನನ್ನ ಥರಾನೇ ಯಾವುದೋ ಕಂಪನಿಯಲ್ಲಿ ಇಂಟರ್‌ವ್ಯೂ ತಗೊಳ್ಳೋ ವಯಸ್ಸಿಗೆ ಬಂದಿದೀರಿ. ಮುಂದಿನ ಸಲ ಎದುರಿಗೆ ಒಬ್ಬ ಬೆವರ್ತಾ ಕೂತಾಗ ಹಲ್ಲು ಬೇಕಾದ್ರೆ ಎಣಿಸಿ. ಆದ್ರೆ ನೊಗ ಕಟ್ಟಿ ಒಂದು ಸುತ್ತು ನೋಡದೆ ಬೇಡ ಅನ್ನಬೇಡಿ.

ಬೈಯೋರು ಕೆಳಗೆ ಕಮೆಂಟಿನಲ್ಲಿ ಬೈಬಹುದು. ನಮ್ಮ ಆಫೀಸಿನ ಗೆಳೆಯನಿಗೆ ಕನ್ನಡ ಬರಲ್ಲ, ಬಚಾವ್ :-)