ಮೀನಿಗಿಂತ ಮುಂಚೆ ನೀರು

ಗಾಜಿನ ತೊಟ್ಟಿಯನ್ನು ಮನೆಗೆ ತಂದ ದಿನವೇ ಅದರಲ್ಲಿ ಮೀನು ಬಿಡಬಾರದು. ನಾವು ಹೇಳಬೇಕೆಂದಿರುವುದು ಇಷ್ಟೇ. ಮಾತು ಸಣ್ಣದೆಂದು ತೋರಬಹುದು. ಆದರೆ ಮಕ್ಕಳ ಸಂತೋಷಕ್ಕಾಗಿ ಬಣ್ಣದ ಮೀನುಗಳನ್ನು ಕೊಂಡುಕೊಡುವ ರೂಢಿಯು ಗದಗ-ಬೆಟಗೇರಿಯಂಥ ಪಟ್ಟಣಗಳನ್ನು ದಾಟಿ ನಮ್ಮ ಮುಂಡರಗಿಯವರೆಗೂ ಬಂದಿರುವುದರಿಂದ, ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಓದುವ ಈ ಸಂಚಿಕೆಯಲ್ಲಿ ಆ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ನಂಬಿರುವೆವು.

ನಮ್ಮ ಮನೆಯಲ್ಲಿ ನಡೆದುದನ್ನೇ ಮೊದಲು ಹೇಳುವೆವು. ಮುಂಜಾನೆ ಕೊಂಡು ತಂದ 40 ಲೀಟರಿನ ತೊಟ್ಟಿಯಲ್ಲಿ ಸಂಜೆಗೆ ಐದು ಹೊಂಬಣ್ಣದ ಮೀನುಗಳು ಆಡುತ್ತಿದ್ದವು. ನೀರು ಕನ್ನಡಿಯಂತೆ ತಿಳಿಯಾಗಿದ್ದಿತು. ನಾಲ್ಕನೆಯ ದಿನ ಅವು ಮೇಲಕ್ಕೆ ಬಂದು ಬಾಯಿ ಬಿಡಹತ್ತಿದವು. ನಾವು ಗಾಬರಿಗೊಂಡು ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ಸಾಬೂನಿನಿಂದ ತಿಕ್ಕಿ ತೊಳೆದು, ಹೊಸ ನೀರು ತುಂಬಿದೆವು. ಎಂಟನೆಯ ದಿನಕ್ಕೆ ಐದೂ ತೀರಿದವು. ಮಾರಿದವನು ಮೀನುಗಳೇ ಅಶಕ್ತವಾಗಿದ್ದವೆಂದನು. ನೆರೆಯವರು ದೃಷ್ಟಿ ತಗಲಿತೆಂದರು. ಮನೆಯ ಹುಡುಗಿಯಾದರೋ ತಾನು ಹೆಚ್ಚು ತಿನಿಸು ಹಾಕಿದ್ದರಿಂದಲೇ ಸತ್ತವೆಂದು ಅತ್ತಳು. ಮುಂದೆ ಬಹುದಿನ ಬೆಕ್ಕಿನ ಮರಿಯನ್ನು ಸಹ ಎತ್ತಿಕೊಳ್ಳಲೊಲ್ಲದೆ ಹೋದಳು. ತಪ್ಪು ಆಕೆಯದಾಗಿರಲಿಲ್ಲ. ನೀರು ಸಿದ್ಧವಾಗುವ ಮುನ್ನ ಮೀನು ತಂದ ಹಿರಿಯರದಾಗಿದ್ದಿತು.

ನೀರು ಸಿದ್ಧವಾಗುವುದೆಂದರೇನು? ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯವನ್ನು ಹೊರಗೆ ಬಿಡುತ್ತಿರುತ್ತದೆ. ಮಲವೂ ಉಳಿದ ತಿನಿಸೂ ಕೊಳೆತು ಅದನ್ನೇ ಹೆಚ್ಚಿಸುವುವು. ಇದು ವಿಷ. ಹೊಳೆಕೆರೆಗಳ ಕಲ್ಲು ಕೆಸರುಗಳ ಮೇಲೆ ವಾಸಿಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಈ ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುವುವು. ನೈಟ್ರೈಟೂ ವಿಷವೇ; ಅದು ಮೀನಿನ ರಕ್ತವನ್ನು ಕಂದುಗೊಳಿಸಿ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಬಗೆಯ ಜೀವಿಗಳು ಅದನ್ನು ನೈಟ್ರೇಟಾಗಿ ಮಾಡುವುವು. ಇದರ ಬಾಧೆ ಬಹಳ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಎರಡು ಬಗೆಯವೂ ಇಲ್ಲವೆನ್ನುವಷ್ಟು ಕಡಿಮೆ. ಅನ್ನ ಹಳಸುವಂತೆ ಮಾಡುವ ಜೀವಿಗಳಲ್ಲಿ ಕೆಲವು 20 ನಿಮಿಷಕ್ಕೆ ಇಮ್ಮಡಿಯಾದರೆ, ಇವುಗಳಿಗೆ ಅನೇಕ ತಾಸುಗಳು, ಎಷ್ಟೋ ಸಲ ಒಂದು ದಿನಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ತಿಳಿನೀರೆಲ್ಲ ಒಳ್ಳೆಯ ನೀರೆಂಬ ನಮ್ಮ ನಂಬಿಕೆಯು ಇಲ್ಲಿ ಮೋಸಹೋಗುತ್ತದೆ. ನಮ್ಮ ಒಕ್ಕಲಿಗನು ಹಸಿಯ ಗೊಬ್ಬರವನ್ನು ಪೈರಿನ ಬುಡಕ್ಕೆ ಹಾಕದೆ ತಿಪ್ಪೆಯಲ್ಲಿ ಕಳಿಯಗೊಡುವನಷ್ಟೆ. ಆ ತಿಪ್ಪೆಯಲ್ಲಿಯೂ, ಪೆಟ್ಲುಪ್ಪು ಮೂಡುವ ಕೊಟ್ಟಿಗೆಯ ಮಣ್ಣಿನಲ್ಲಿಯೂ ಇದೇ ಕುಲದ ಜೀವಿಗಳು ಇದೇ ಉದ್ಯೋಗವನ್ನು ನಡೆಸಿರುತ್ತವೆ.

ಈ ಜ್ಞಾನದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವುಂಟು. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 1850ರ ಸುಮಾರಿಗೆ ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಅವು ಒಂದನ್ನೊಂದು ಆಶ್ರಯಿಸಿ ಬದುಕುವುದನ್ನು ತೋರಿಸಿಕೊಟ್ಟನು. ಗಿಡವು ಕೊಡುವ ಪ್ರಾಣವಾಯುವನ್ನು ಆತನು ಕಂಡನು. ಅಮೋನಿಯದ ಕಥೆ ಆಗ ಯಾರಿಗೂ ತಿಳಿದಿರಲಿಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು ಈ ಮಾರ್ಪಾಡು ಜೀವಿಗಳ ಕೆಲಸವೆಂದು ಸಿದ್ಧಪಡಿಸಿದರು. ಅದು ಎರಡು ಹಂತಗಳಲ್ಲಿ ನಡೆಯುವುದೆಂದು ತೋರಿಸಿದವರಲ್ಲಿ ವಾರಿಂಗ್ಟನ್ನನ ಮಗನೂ ಒಬ್ಬನು. ತಂದೆಮಕ್ಕಳಿಬ್ಬರ ಹೆಸರೂ ಒಂದೇ. 1890ರಲ್ಲಿ ರಶಿಯದ ವಿನೋಗ್ರಾಡ್‌ಸ್ಕಿಯು ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು. ಎರಡೂ ಹಂತಗಳನ್ನು ಒಂದೇ ಜೀವಿಯು ಮುಗಿಸಬಲ್ಲದೆಂಬುದು ಗೊತ್ತಾದದ್ದು 2015ರಲ್ಲಿ; ಅಂಥ ಜೀವಿಗಳು ಸಿಕ್ಕ ಸ್ಥಳಗಳಲ್ಲಿ ಮೀನು ಸಾಕುವ ವ್ಯವಸ್ಥೆಯೊಂದರ ಶೋಧಕವೂ ಒಂದು.

ಇನ್ನು ಕ್ರಮವನ್ನು ಹೇಳುವೆವು. ತೊಟ್ಟಿಗೆ ನೀರು, ಹರಳು, ಸೋಸುವ ಸ್ಪಂಜು, ಗಾಳಿ ಊದುವ ಯಂತ್ರ ಇವಿಷ್ಟನ್ನು ಅಣಿಗೊಳಿಸಿ, ಮೀನಿಲ್ಲದೆಯೇ ಆ ಜೀವಿಗಳಿಗೆ ಆಹಾರವನ್ನು ಕೊಡತಕ್ಕದ್ದು. ಆ ಆಹಾರವು ಕಲಾಯಿ ಹಾಕುವವರು ಬಳಸುವ ನವಸಾಗರವೇ, ಅಂದರೆ ಅಮೋನಿಯಂ ಕ್ಲೋರೈಡು. ಆದರೆ ಪೇಟೆಯ ನವಸಾಗರದಲ್ಲಿ ಕಲಬೆರಕೆಯಿರಬಹುದಾದ ಕಾರಣ, ಪ್ರಯೋಗಶಾಲೆಯ ಶುದ್ಧವಾದುದನ್ನೇ ತರಬೇಕು. 40 ಲೀಟರು ನೀರಿಗೆ ಕಾಲು ಗ್ರಾಮು ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಮು ಅಮೋನಿಯವಾಗುತ್ತದೆ. ಬಣ್ಣ ನೋಡಿ ಅಳೆಯುವ ಪರೀಕ್ಷೆಯ ಹನಿಗಳಿಂದ ದಿನ ಬಿಟ್ಟು ದಿನ ನೀರನ್ನು ಪರೀಕ್ಷಿಸಬೇಕು. ಮೊದಲು ಅಮೋನಿಯವು ಇಳಿದು ನೈಟ್ರೈಟು ಏರುವುದು. ಬಳಿಕ ಅದೂ ಇಳಿಯುವುದು. ಅಮೋನಿಯವು ಮುಗಿದಾಗಲೆಲ್ಲ ಸ್ವಲ್ಪ ಸ್ವಲ್ಪ ಮತ್ತೆ ಹಾಕುತ್ತಿರಬೇಕು. ಮೊದಲಿನಷ್ಟೇ ಹಾಕಿದ ಅಮೋನಿಯವು 24 ತಾಸಿನೊಳಗೆ ಪೂರ್ತಿ ಮಾಯವಾಗಿ, ನೈಟ್ರೈಟೂ ಉಳಿಯದಿದ್ದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಸಾಮಾನ್ಯವಾಗಿ ಇದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ರೋಗವಿಲ್ಲದ ಹಳೆಯ ತೊಟ್ಟಿಯೊಂದರ ಸ್ಪಂಜಿನ ತುಂಡು ದೊರೆತರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕಾಲವು ಬಹಳ ಉಳಿಯುತ್ತದೆ. ಕೊನೆಗೆ ಸೇರಿದ ನೈಟ್ರೇಟನ್ನು ಕಳೆಯಲು ಹೆಚ್ಚಿನ ನೀರನ್ನು ಬದಲಿಸಿ ಮೀನು ಬಿಡಬೇಕು. ಸ್ಪಂಜನ್ನು ಮಾತ್ರ ಎಂದಿಗೂ ಸಾಬೂನಿನಿಂದ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿದರೆ ಸಾಕು.

ನಮ್ಮ ಸೀಮೆಯ ನೀರಿನ ಬಗ್ಗೆಯೂ ಒಂದು ಮಾತು. ನಳದ ನೀರಿನಲ್ಲಿರುವ ಕ್ಲೋರಿನ್ನು ಈ ಜೀವಿಗಳನ್ನೂ ಕೊಲ್ಲುವುದರಿಂದ, ಅಗಲಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ಕೊಳವೆಬಾವಿಯ ಗಡಸು ನೀರು ಬೇಳೆ ಬೇಯಿಸುವ ನಮ್ಮ ಭಗಿನಿಯರಿಗೆ ಬೇಸರ ತಂದರೂ ಈ ಜೀವಿಗಳಿಗೆ ಹಿತವೇ. ಆದರೆ ಅಂಥ ಕ್ಷಾರದ ನೀರಿನಲ್ಲಿ ಅಮೋನಿಯವು ಹೆಚ್ಚು ಉಗ್ರವಾಗುತ್ತದೆ: ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷದ ಭಾಗವು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಆದಕಾರಣ ಮೀನಿಗಿಂತ ಮುಂಚೆ ನೀರನ್ನು ಸಿದ್ಧಪಡಿಸುವ ಅವಶ್ಯಕತೆಯು ಗಡಸು ನೀರಿನ ಊರಿನವರಿಗೇ ಅಧಿಕ.

ಹಿಂದಿನವರು ಬಾವಿಯಲ್ಲಿ ಮೀನು ಬಿಡುತ್ತಿದ್ದರಲ್ಲ, ಯಾವ ಹನಿಯಿಂದ ಅಳೆದರು ಎಂದು ಕೆಲವರು ಕೇಳುವರು. ಬಾವಿಯಲ್ಲಿ ಸಾವಿರಾರು ಕೊಡ ನೀರು, ಪಾಚಿಗಟ್ಟಿದ ಕಲ್ಲುಗಳು, ನಾಲ್ಕಾರು ಮೀನುಗಳು. ಅದು ಎಷ್ಟೋ ವರ್ಷಗಳ ಹಿಂದೆಯೇ ಸಿದ್ಧವಾದ ತೊಟ್ಟಿ. ಇನ್ನು ಕೆಲವರು, ಮೊದಲು ಎರಡು ಗಟ್ಟಿಯಾದ ಅಗ್ಗದ ಮೀನುಗಳನ್ನು ಬಿಟ್ಟು ನೋಡಿರಿ, ಅವು ಉಳಿದರೆ ಬೆಲೆಯುಳ್ಳವನ್ನು ತನ್ನಿರಿ ಎಂದು ಬುದ್ಧಿ ಹೇಳುವರು. ಈ ಮಾತನ್ನು ನಾವು ಒಪ್ಪಲಾರೆವು. ಗಟ್ಟಿ ಮೀನಿನ ಕಿವಿರೂ ಸುಡುತ್ತದೆ. ಅದು ತಡವಾಗಿ ಸಾಯುತ್ತದೆ, ಅಷ್ಟೇ. ಬೆಲೆ ಕಡಿಮೆಯಾದ ಜೀವವನ್ನು ಪರೀಕ್ಷೆಗೆ ಒಡ್ಡಬಹುದೆಂಬ ಪಾಠವನ್ನು ಮನೆಯಲ್ಲಿ ಮಕ್ಕಳಿಗೆ ಕಲಿಸುವುದು, ಒಂದು ಚಿಟಿಕೆ ನವಸಾಗರದಿಂದ ಆಗುವ ಕೆಲಸಕ್ಕೆ, ನಮಗೆ ಬಹಳ ದುಬಾರಿಯಾಗಿ ಕಾಣುತ್ತದೆ.

ಮಕ್ಕಳು ಒಂದು ತಿಂಗಳು ಬರಿಯ ನೀರನ್ನು ನೋಡುತ್ತ ಕೂಡುವರೇ ಎಂಬ ಸಂದೇಹವು ನಮಗೂ ಇದ್ದಿತು. ಎರಡನೆಯ ಸಲ ನಮ್ಮ ಹುಡುಗಿಗೆ ಒಂದು ವಹಿಯನ್ನೂ ಪರೀಕ್ಷೆಯ ಹನಿಗಳನ್ನೂ ಕೊಟ್ಟೆವು. ಹನಿಗಳ ಬಣ್ಣ ಬದಲಾದ ದಿನ ಆಕೆಯು ಓಣಿಯ ಗೆಳತಿಯರನ್ನೆಲ್ಲ ಕರೆತಂದು ಮೀನಿಲ್ಲದ ತೊಟ್ಟಿಯನ್ನು ತೋರಿಸಿದಳು! ಪ್ರೌಢಶಾಲೆಗಳ ಪ್ರಯೋಗಶಾಲೆಯಲ್ಲಿ ಉತ್ಪತನವನ್ನು ತೋರಿಸಲು ಅಮೋನಿಯಂ ಕ್ಲೋರೈಡು ಇದ್ದೇ ಇರುತ್ತದೆ. ವಿಜ್ಞಾನದ ಉಪಾಧ್ಯಾಯಿನಿಯರು ಜೂನ್ ತಿಂಗಳಲ್ಲಿ ಇಂಥದೊಂದು ಬರಿದಾದ ತೊಟ್ಟಿಯನ್ನಿಟ್ಟು, ದಿನಕ್ಕೊಬ್ಬ ಹುಡುಗಿಯಿಂದ ಲೆಕ್ಕ ಬರೆಯಿಸಿದರೆ, ಆಗಸ್ಟಿನ ಹೊತ್ತಿಗೆ ಮೀನು ಬಿಡಬಹುದು. ನಮ್ಮ ತೊಟ್ಟಿಯು 37ನೆಯ ದಿನಕ್ಕೆ ಸಿದ್ಧವಾಯಿತು. ಹೊಂಬಣ್ಣದ ಮೀನು 40 ಲೀಟರಿಗೆ ಮೀರಿ ಬೆಳೆಯುವುದರಿಂದ ಈ ಸಲ, ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನೀರಿನ ತೊಟ್ಟಿಗಳಲ್ಲಿ ಬಿಡುವ ಗಪ್ಪಿ ಮೀನುಗಳನ್ನೇ ತಂದೆವು. ಆರು ತಂದಿದ್ದೆವು, ಈಗ ಅವನ್ನು ಎಣಿಸುವ ಕೆಲಸ ಹುಡುಗಿಯದು, ಎಣಿಕೆ ದಿನಕ್ಕೊಂದು ಬಗೆಯಾಗಿ ಬರುತ್ತಿದೆ.